ನಮ್ಮ ಭಾವ ಹಡಗಿನಲ್ಲಿ ಕೋಣೆ ಆರಿಸಿದ್ದು

ಮೊದಲೇ ಹೇಳಿಬಿಡುತ್ತೇನೆ, ಈ ಕತೆಯಲ್ಲಿ ಸೋತವನು ನಾನು. ಗೆದ್ದವರು ನಮ್ಮ ಭಾವ. ಗೆದ್ದವರೇ ಕತೆ ಹೇಳಿದರೆ ಚೆನ್ನ, ಆದರೆ ಅವರ ಬಾಯಿಂದ ನಾಲ್ಕು ಮಾತು ಹೊರಡಿಸುವುದೂ ಕಲ್ಲಿನಿಂದ ನಾರು ತೆಗೆಯುವುದೂ ಒಂದೇ. ಹಾಗಾಗಿ ಆ ಕೆಲಸ ನನ್ನ ಪಾಲಿಗೆ ಬಂದಿದೆ.

ಭಾವ ಎಂದರೆ ನನ್ನ ಅಕ್ಕನ ಗಂಡ, ಟೈಲ್ಸ್ ಕೆಲಸದ ಮೇಸ್ತ್ರಿ. ನಾನು ಹೈಸ್ಕೂಲಿನಲ್ಲಿ ಮೂವತ್ತೆರಡು ವರ್ಷ ಭೂಗೋಳ ಹೇಳಿಕೊಟ್ಟ ಮೇಷ್ಟ್ರು. ಒಂದೇ ಮನೆತನದಲ್ಲಿ ಒಬ್ಬ ಮೇಸ್ತ್ರಿ, ಒಬ್ಬ ಮೇಷ್ಟ್ರು ಇದ್ದಾಗ ಯಾರ ಮಾತು ನಡೆಯಬೇಕು ಎಂಬ ಬಗ್ಗೆ ನನಗೆ ಯಾವತ್ತೂ ಅನುಮಾನ ಇರಲಿಲ್ಲ. ಭಾವನಿಗೂ ಇರಲಿಲ್ಲ ಅಂತಲೇ ನಾನು ತಿಳಿದಿದ್ದೆ. ಅವರು ತಲೆ ಅಲ್ಲಾಡಿಸುತ್ತಿದ್ದರು, ಆಮೇಲೆ ಹೋಗಿ ತಮಗೆ ತೋಚಿದ ಹಾಗೆ ಮಾಡುತ್ತಿದ್ದರು.

ನಲವತ್ತೊಂದು ವರ್ಷ ಮಂಡಿಯೂರಿ ನೆಲ ಹಾಸಿದವರು ಅವರು. ಆಸ್ಪತ್ರೆಯ ಕಾರಿಡಾರುಗಳು, ಬ್ಯಾಂಕುಗಳು, ಲೆಕ್ಕವಿಲ್ಲದಷ್ಟು ಬಚ್ಚಲು. ಎರಡು ಮಂಡಿಯಲ್ಲೂ ಒಂದೊಂದು ರೂಪಾಯಿ ಅಗಲದ ಜಡ್ಡುಗಟ್ಟಿದ ಚರ್ಮ. ಅಂಗಿಯ ಜೇಬಿನಲ್ಲಿ ಪೆನ್ನಿನ ಜಾಗದಲ್ಲಿ ಬೆರಳುದ್ದದ ಒಂದು ರಸಮಟ್ಟ ಸದಾ ಇರುತ್ತಿತ್ತು, ಅದೇ, ನೆಲ ಸಮ ಇದೆಯೋ ಇಲ್ಲವೋ ನೋಡಲು ಗಾಳಿಗುಳ್ಳೆ ಓಡಾಡುವ ಗಾಜಿನ ಕೊಳವೆ. ಕೆಲಸದವರೆಲ್ಲ ಅವರನ್ನು ರಸಮಟ್ಟ ಅಂತಲೇ ಕರೆಯುತ್ತಿದ್ದರು. ಮದುವೆಯಾದ ಹೊಸದರಲ್ಲಿ ನಮ್ಮ ಮನೆಗೆ ಬಂದವರು ಕಾಫಿ ಕುಡಿಯುವ ಮೊದಲೇ ಅದನ್ನು ಹಾಲ್‌ನಲ್ಲಿಟ್ಟು, ನೆಲ ಅಡುಗೆಮನೆಯ ಕಡೆಗೆ ಇಳಿದಿದೆ ಎಂದು ನಮ್ಮಪ್ಪನಿಗೆ ಹೇಳಿದರು. ಅಪ್ಪ ತಾನೇ ನಿಂತು ಕಟ್ಟಿಸಿದ ಮನೆ ಅದು. ಎರಡು ತಿಂಗಳು ಅಳಿಯನ ಹತ್ತಿರ ಮಾತಾಡಲಿಲ್ಲ. ಆಮೇಲೆ ಒಂದು ದಿನ ಅಪ್ಪನ ಔಷಧಿ ಬಾಟಲಿ ಕೈಜಾರಿ ಬಿದ್ದು, ತಾನಾಗಿಯೇ ಉರುಳಿಕೊಂಡು ಅಡುಗೆಮನೆಗೆ ಹೋಯಿತು. ಅಪ್ಪ ಅದನ್ನು ನೋಡುತ್ತಾ ಕೂತಿದ್ದು, ಮೆಲ್ಲಗೆ ಅಳಿಯನಿಗೆ ಫೋನ್ ಮಾಡಿದರು.

ಭಾವ ಯಾರ ಮನೆಗೆ ಹೋದರೂ ಮೊದಲು ನೆಲ ನೋಡುತ್ತಾರೆ, ಆಮೇಲೆ ಜನ. ಮುಖಕ್ಕಿಂತ ಪಾದಗಳೇ ಅವರಿಗೆ ಹೆಚ್ಚು ಪರಿಚಯ. ಇದನ್ನೆಲ್ಲ ನಾನು ತಮಾಷೆ ಮಾಡಿ ಮಾಡಿ ಸುಸ್ತಾಗಿದ್ದೇನೆ.

ಇನ್ನು ಅಕ್ಕ. ಅವಳು ಬಟ್ಟೆ ಕಾರ್ಖಾನೆಯ ಕಾಲರ್ ವಿಭಾಗದಲ್ಲಿ ಮೂವತ್ತು ವರ್ಷ ಹೊಲಿದಳು. ಅವಳ ಮಿಷನ್ನು ಗೋಡೆಗೆ ಮುಖ ಮಾಡಿತ್ತು. ಕೈ ಚಾಚಿದರೆ ಗೋಡೆ ಮುಟ್ಟುತ್ತಿತ್ತು, ಹಸಿರು ಬಣ್ಣ ಬಳಿದದ್ದು. ಮನೆಗೆ ಬಂದರೆ ಅವರ ಮನೆಯ ಕಿಟಕಿಗೆ ಪಕ್ಕದ ಕಟ್ಟಡದ ಬೆನ್ನು, ಅದರ ಮೇಲೆ ಮೂರು ನೀರಿನ ಪೈಪು. ಆರು ವರ್ಷದ ಹಿಂದೆ ಸೊಂಟದ ಆಪರೇಷನ್ ಆಯಿತು. ಅಲ್ಲಿಂದ ಅವಳು ಕೋಲು ಹಿಡಿದು ಅರವತ್ತು ಹೆಜ್ಜೆ ನಡೆಯಬಲ್ಲಳು, ಅದರ ಮೇಲೆ ಒಂದು ಹೆಜ್ಜೆಯೂ ಇಲ್ಲ. ಎರಡು ನಿಮಿಷಕ್ಕಿಂತ ಹೆಚ್ಚು ನಿಲ್ಲಲಾರಳು. ಸಾಲದ್ದಕ್ಕೆ ತಲೆಸುತ್ತು. ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲಿ ಕೂತರೆ ಅವತ್ತಿಡೀ ಹಾಸಿಗೆಯೇ ಗತಿ.

ನಿಲ್ಲಲಾರದವರ ಕಷ್ಟ ನಿಲ್ಲುವವರಿಗೆ ತಿಳಿಯುವುದಿಲ್ಲ. ಎಲ್ಲಿಗೆ ಹೋದರೂ, ನೋಡುವಂಥದ್ದು ಏನಾದರೂ ಬಂದ ಕೂಡಲೇ ಜನ ಎದ್ದು ನಿಲ್ಲುತ್ತಾರೆ. ಕೂತ ಅಕ್ಕನಿಗೆ ಕಾಣುವುದು ಸೊಂಟಪಟ್ಟಿಗಳು. ಆಗ ನಾವು ಯಾರಾದರೂ ಇಬ್ಬರು ಅವಳ ಕಂಕುಳಿಗೆ ಕೈ ಕೊಟ್ಟು ಮೇಲೆತ್ತಿ, ಅಗೋ ನೋಡು ಎಂದು ತೋರಿಸಿ, ಮತ್ತೆ ಕೂರಿಸುತ್ತಿದ್ದೆವು. ನಾವು ಮಾಡುತ್ತಿರುವುದು ದೊಡ್ಡ ಉಪಕಾರ ಎಂದೇ ನಾನು ನಂಬಿದ್ದೆ. ಅವಳು ನಗುತ್ತಿದ್ದಳು. ಆ ನಗು ಎಂಥದ್ದು ಎಂದು ಅಷ್ಟು ವರ್ಷ ನನಗೆ ಹೊಳೆದಿರಲಿಲ್ಲ, ನಾಚಿಕೆಯಾಗುತ್ತದೆ.

ಗಂಡ ಹೆಂಡತಿ ಇಬ್ಬರೂ ಕೆಲಸ ಬಿಟ್ಟ ವರ್ಷ, ಅವರ ಮಗಳು ಐದು ದಿನದ ಹಡಗು ಪ್ರವಾಸಕ್ಕೆ ಕಳಿಸುತ್ತೇನೆ ಎಂದಳು. ಬಾಲ್ಕನಿ ಇರುವ ಕೋಣೆ, ಯಾವುದು ಬೇಕೋ ನೀವೇ ಆರಿಸಿಕೊಳ್ಳಿ ಅಂದಳು. ಸಮುದ್ರ ಎಂದಮೇಲೆ ಭೂಗೋಳದವನು ಇಲ್ಲದಿದ್ದರೆ ಹೇಗೆ ಎಂದು ನಾನೂ ನನ್ನ ಹೆಂಡತಿಯೂ ನಮ್ಮ ಖರ್ಚಿನಲ್ಲಿ ಜೊತೆಗೆ ಹೊರಟೆವು. ಎಲ್ಲರೂ ಊಟದ ಮೇಜಿನ ಸುತ್ತ ಕೂತು ಯಾವ ಊರು, ಯಾವ ಬಟ್ಟೆ ಎಂದು ಮಾತಾಡುತ್ತಿದ್ದಾಗ ಅಕ್ಕ ಒಂದೇ ಒಂದು ಷರತ್ತು ಹಾಕಿದಳು.

"ನನಗೆ ಸಮುದ್ರ ಕೂತ್ಕೊಂಡೇ ಕಾಣ್ಬೇಕು. ಎತ್ತಿ ತೋರ್ಸೋದಾದ್ರೆ ನಾನು ಬರಲ್ಲ. ಮನೇಲೇ ಇರ್ತೀನಿ."

ನಾನು, ಬಾಲ್ಕನಿ ಅಂದಮೇಲೆ ಕಾಣದೆ ಇರುತ್ತದೆಯೇ ಎಂದು ನಕ್ಕೆ. ಭಾವ ನಗಲಿಲ್ಲ. ಎದ್ದು ಹೋಗಿ ಅಳತೆ ಟೇಪು ತಂದರು. ಅಕ್ಕನನ್ನು ಅವಳ ಬೆತ್ತದ ಕುರ್ಚಿಯಲ್ಲಿ ಕೂರಿಸಿ, ನೆಲದಿಂದ ಕಣ್ಣಿನವರೆಗೆ ಅಳೆದು, ಟೇಪಿನ ಮೇಲೆ ಪೆನ್ಸಿಲ್ಲಿನಿಂದ ಒಂದು ಗೆರೆ ಎಳೆದುಕೊಂಡರು. ಅವರ ಪ್ರಕಾರ ಪ್ರವಾಸದ ಸಿದ್ಧತೆ ಅಲ್ಲಿಗೆ ಶುರುವಾಯಿತು.

ಟ್ರಾವೆಲ್ ಆಫೀಸಿಗೆ ನಾವಿಬ್ಬರೂ ಹೋದೆವು. ಕೌಂಟರಿನ ಹಿಂದೆ ನಡುವಯಸ್ಸಿನ ಹೆಂಗಸು, ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡು ಅದನ್ನೇ ಹುಡುಕುತ್ತಿದ್ದವರು. ಹಡಗಿನ ಪುಸ್ತಕ ಬಿಚ್ಚಿ ಒಂದೊಂದು ಅಂತಸ್ತಿನ ನಕ್ಷೆ ತೋರಿಸಿದರು. ಬಾಲ್ಕನಿ ಕೋಣೆಗಳು ಆರರಿಂದ ಒಂಬತ್ತನೇ ಅಂತಸ್ತಿನವರೆಗೆ. ನಾನು ಎರಡನೇ ಮಾತಿಲ್ಲದೆ ಒಂಬತ್ತನೆಯದು ಎಂದೆ. ಎತ್ತರ ಹೋದಷ್ಟೂ ದಿಗಂತ ದೂರ ಸರಿಯುತ್ತದೆ, ಹೆಚ್ಚು ಸಮುದ್ರ ಕಾಣುತ್ತದೆ, ಇದು ಎಂಟನೇ ತರಗತಿಯ ಪಾಠ. ಕೌಂಟರಿನವರಿಗೆ ನನ್ನ ವಿವರಣೆ ತುಂಬ ಹಿಡಿಸಿತು. ನನಗೂ ಹಿಡಿಸಿತು.

ಭಾವ ಮಾತ್ರ ಪುಸ್ತಕವನ್ನು ಮನೆಗೆ ಒಯ್ಯಬಹುದೇ ಎಂದು ಕೇಳಿದರು.

ಆಮೇಲೆ ನಡೆದದ್ದು ಒಂಬತ್ತು ದಿನದ ಹುಚ್ಚು. ಟ್ರೇಸಿಂಗ್ ಪೇಪರ್ ತಂದು ನಾಲ್ಕೂ ಅಂತಸ್ತು, ಜೊತೆಗೆ ಅವುಗಳ ಮೇಲಿನದು ಕೆಳಗಿನದು ಎಲ್ಲವನ್ನೂ ನಕಲು ಮಾಡಿದರು. ಹಾಳೆಯ ಮೇಲೆ ಹಾಳೆ ಇಟ್ಟು ಕಿಟಕಿಯ ಗಾಜಿಗೆ ಒತ್ತಿ ಹಿಡಿದು ನೋಡಿದರು. ಮನೆ ಕಟ್ಟುವವರಿಗೆ ಒಂದು ಮಾತಿದೆಯಂತೆ: ನಿನ್ನ ಕೋಣೆ ಹೇಗಿದೆ ಅಂತ ಕೇಳಬೇಡ, ತಲೆ ಮೇಲೆ ಯಾರಿದ್ದಾರೆ, ಕಾಲ ಕೆಳಗೆ ಯಾರಿದ್ದಾರೆ ಕೇಳು. ಯಾರದೋ ಬಚ್ಚಲ ಕೆಳಗೆ ಮಲಗಿದವನು ಯಾವತ್ತೂ ನಿದ್ದೆ ಮಾಡಿಲ್ಲ ಎಂದು ಭಾವ ಹೇಳುತ್ತಿದ್ದರು. ಒಂಬತ್ತನೇ ಅಂತಸ್ತಿನ ತಲೆ ಮೇಲೆ ಈಜುಕೊಳ, ಅದರ ಸುತ್ತ ನೂರಾರು ಕುರ್ಚಿ. ಅದಕ್ಕೆ ಅವರು ಅಡ್ಡಗೆರೆ ಎಳೆದರು. ಆರನೆಯದರ ಮುಂದೆ ಜೀವರಕ್ಷಕ ದೋಣಿಗಳು ತೂಗುಬಿದ್ದಿದ್ದವು, ಅದಕ್ಕೂ ಅಡ್ಡಗೆರೆ. ಎಂಟನೆಯದಕ್ಕೆ ಮೇಲೂ ಮಲಗುವ ಕೋಣೆಗಳು, ಕೆಳಗೂ ಮಲಗುವ ಕೋಣೆಗಳು. ಅದರ ನಡುವೆ ಲಿಫ್ಟು, ಲಿಫ್ಟಿನ ಪಕ್ಕದಲ್ಲಿ ಹೆಸರೇ ಬರೆಯದ ಒಂದು ಬಿಳಿ ಚೌಕ. ನಾನು ಅದು ಖಾಲಿ ಜಾಗ, ಪ್ರಶಾಂತವಾಗಿರುತ್ತದೆ, ಅದರ ಪಕ್ಕದ್ದನ್ನೇ ತಗೊಳ್ಳಿ ಎಂದೆ. ಭಾವ ನನ್ನನ್ನು ಪಾಪದವನನ್ನು ನೋಡುವ ಹಾಗೆ ನೋಡಿದರು. ಕಟ್ಟಡದಲ್ಲಿ ಯಾರೂ ಖಾಲಿ ಜಾಗ ಕಟ್ಟುವುದಿಲ್ಲ, ಹೇಳಲು ಇಷ್ಟವಿಲ್ಲದ ಜಾಗಕ್ಕೆ ಹೆಸರು ಬರೆಯುವುದಿಲ್ಲ, ಅಷ್ಟೇ. ಕೆಲಸದವರು ಟ್ರಾಲಿ, ಪಾತ್ರೆ, ಬಕೆಟ್ ಇಡುವ ಜಾಗ ಅದು ಎಂದರು.

ನಕ್ಷೆಗೆ ಅಳತೆ ಕೊಟ್ಟಿರಲಿಲ್ಲ. ಅದಕ್ಕೂ ದಾರಿ ಕಂಡುಹಿಡಿದರು. ಮನುಷ್ಯ ಎಲ್ಲಿ ಹೋದರೂ ಮಂಚ ಆರೂವರೆ ಅಡಿಯೇ ಅಲ್ಲವೇ. ನಕ್ಷೆಯಲ್ಲಿದ್ದ ಮಂಚದ ಉದ್ದಕ್ಕೆ ಬೆಂಕಿಕಡ್ಡಿ ಮುರಿದು, ಆ ಕಡ್ಡಿಯನ್ನು ಲಿಫ್ಟಿನಿಂದ ಬಾಗಿಲವರೆಗೆ ಉರುಳಿಸುತ್ತಾ ಹೋದರು. ಅಕ್ಕನ ಒಂದು ಹೆಜ್ಜೆ ಎಷ್ಟು ಎಂದು ಅವಳು ನಡೆಯುವಾಗ ಹಿಂದಿನಿಂದ ಕದ್ದು ಅಳೆದಿದ್ದರಂತೆ. ಬಿಳಿ ಚೌಕ ದಾಟಿ ನಾಲ್ಕನೇ ಬಾಗಿಲು, ಐವತ್ತು ಹೆಜ್ಜೆಯ ಆಸುಪಾಸು. ಹಡಗಿನ ಉದ್ದಕ್ಕೆ ಸರಿಯಾಗಿ ನಡುವೆ ಬರುವ ಕೋಣೆ. ನಡುವೆ ಯಾಕೆ ಎಂದು ನಾನು ಕೇಳಿದೆ. ಅವರು ಲೋಟ ಕವುಚಿ ಹಾಕಿ, ಮೇಲೆ ನೆಲ ಮಟ್ಟ ಮಾಡುವ ತಮ್ಮ ಉದ್ದನೆಯ ಮಟ್ಟಗೋಲು ಅಡ್ಡ ಇಟ್ಟು, ತುದಿಗೊಂದು ನಡುವಿಗೊಂದು ನಾಣ್ಯ ಇಟ್ಟು ಮೆಲ್ಲಗೆ ಅಲ್ಲಾಡಿಸಿದರು. ತುದಿಯ ನಾಣ್ಯ ಎಗರಿ ನನ್ನ ಕಾಫಿಗೆ ಬಿತ್ತು. ನಡುವಿನದು ಕದಲಲಿಲ್ಲ.

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ನಾನು ಹೆಂಡತಿಯ ಹತ್ತಿರ ಹೇಳಿಕೊಂಡು ಸಮಾಧಾನಪಟ್ಟೆ.

ಎರಡನೇ ಸಲ ಆಫೀಸಿಗೆ ಹೋದಾಗ ಕೌಂಟರಿನವರು, ಎಂಟನೆಯದಕ್ಕಿಂತ ಏಳನೆಯದು ಅಗ್ಗ, ಕೋಣೆ ಒಂದೇ ಥರ, ಅದನ್ನೇ ಕೊಡಲೇ ಎಂದು ಕೇಳಿದರು. ಭಾವ ಹಡಗಿನ ಫೋಟೋ ಮುಂದಿಟ್ಟರು. ಏಳನೇ ಸಾಲಿನ ಬಾಲ್ಕನಿಗಳ ತಡೆ ಬಿಳಿ ತಗಡು, ಎಂಟನೇ ಸಾಲಿನದು ಗಾಜು. ಅಷ್ಟು ಸಣ್ಣ ಫೋಟೋದಲ್ಲಿ ನನಗೆ ಎರಡೂ ಒಂದೇ ಕಂಡಿತ್ತು. ತಗಡಾದರೇನು, ಗಾಜಾದರೇನು, ಅದು ಬೀಳದ ಹಾಗೆ ತಡೆಯಲು ಇರುವುದು ತಾನೇ ಎಂದು ಕೌಂಟರಿನವರು ನಕ್ಕರು.

ಭಾವ ಅಲ್ಲಿದ್ದ ತಗ್ಗು ಕುರ್ಚಿಯೊಂದನ್ನು ಎಳೆದುಕೊಂಡು ಕೌಂಟರಿಗೆ ಮುಖ ಮಾಡಿ ಕೂತರು. ಕೂತವರು ಕೌಂಟರಿನ ಆಚೆಯವರಿಗೆ ಮಾಯವಾದರು. ಕೆಳಗಿನಿಂದ ಧ್ವನಿ ಮಾತ್ರ ಬಂತು.

"ಅಮ್ಮಾ, ನಿಮ್ಮ ಕೌಂಟರು ಮೂರೂವರೆ ಅಡಿ ಇದೆ. ಹಡಗಿನ ತಡೇನೂ ಅಷ್ಟೇ ಇರುತ್ತೆ. ನಾನು ಇಲ್ಲಿ ಕೂತಿದೀನಿ. ನಿಮ್ಮ ಮುಖ ನನಗೆ ಕಾಣ್ತಿಲ್ಲ."

ಆ ಹೆಂಗಸು ಮೊದಲು ನಕ್ಕರು. ಆಮೇಲೆ ಎದ್ದು, ಬಗ್ಗಿ, ಕೆಳಗೆ ಕೂತಿದ್ದ ಭಾವನನ್ನು ನೋಡಿದರು. ಕೌಂಟರು ಸುತ್ತಿಕೊಂಡು ಈಚೆ ಬಂದು ಇನ್ನೊಂದು ಕುರ್ಚಿಯಲ್ಲಿ ತಾವೂ ಕೂತು, ತಾವು ಇಪ್ಪತ್ತು ವರ್ಷದಿಂದ ಕೂರುತ್ತಿದ್ದ ಜಾಗವನ್ನು ಒಂದು ಗಳಿಗೆ ನೋಡಿದರು. ಇಷ್ಟು ವರ್ಷದಲ್ಲಿ ಯಾರೂ ಇದನ್ನು ಕೇಳಿರಲಿಲ್ಲ ಎಂದು ಹೇಳಿ, ಹಡಗಿನ ಕಂಪನಿಗೆ ಫೋನ್ ಮಾಡಿ ಗಾಜು ಹೌದೋ ಅಲ್ಲವೋ ಎಂದು ಕೇಳಿ ಖಾತ್ರಿ ಮಾಡಿಕೊಂಡೇ ಎಂಟನೇ ಅಂತಸ್ತಿನ ಆ ನಡುಕೋಣೆಯನ್ನು ಭಾವನ ಹೆಸರಿಗೆ ಬರೆದರು. ಎಡಮಗ್ಗುಲಿನದೇ ಬೇಕೆಂದು ಭಾವ ಕೇಳಿದರು, ಹೋಗುವಾಗ ದಡ ಆ ಕಡೆಗಿರುತ್ತದೆ, ಅಕ್ಕನಿಗೆ ಬೆಟ್ಟ, ದೀಪ, ಊರು ಎಲ್ಲ ಕಾಣಲಿ ಎಂದು. ನಾನು ಒಂಬತ್ತನೇ ಅಂತಸ್ತಿನಲ್ಲಿ ಒಂದು ಕೋಣೆ ಹಿಡಿದೆ.

ಹೊರಡಲು ಹತ್ತು ದಿನ ಇರುವಾಗ ಆಫೀಸಿನಿಂದ ಫೋನ್ ಬಂತು. ಹಡಗಿನ ಕಂಪನಿ ಭಾವನಿಗೆ ಬಡ್ತಿ ಕೊಟ್ಟಿದೆ: ಒಂಬತ್ತನೇ ಅಂತಸ್ತಿನ ತೀರ ಮುಂದಿನ ಕೋಣೆ, ಒಂದೂವರೆ ಪಟ್ಟು ದೊಡ್ಡದು, ಸೋಫಾ ಇದೆ, ಹಣ್ಣಿನ ಬುಟ್ಟಿ ಇದೆ, ಒಂದು ಪೈಸೆಯೂ ಹೆಚ್ಚಿಲ್ಲ. ಮನೆಯಲ್ಲಿ ಹಬ್ಬವೇ ಆಯಿತು. ಮಗಳ ಗಂಡ ಅಭಿನಂದನೆ ಹೇಳಿದ, ಮಗಳು ಕುಣಿದಾಡಿದಳು. ಭಾವ ಟ್ರೇಸಿಂಗ್ ಪೇಪರ್ ಒಮ್ಮೆ ನೋಡಿ, ಬೇಡ ಎಂದುಬಿಟ್ಟರು.

ಅವತ್ತು ನಾನು ಭಾವನ ಮೇಲೆ ನಿಜಕ್ಕೂ ಕೂಗಾಡಿದೆ. ಮನೆಬಾಗಿಲಿಗೆ ಬಂದ ಭಾಗ್ಯವನ್ನು ಕಾಲಲ್ಲಿ ಒದೆಯಬೇಡಿ ಎಂದೆ. ಮಗಳು ಪ್ರೀತಿಯಿಂದ ಕಳಿಸುತ್ತಿದ್ದಾಳೆ, ನಿಮ್ಮ ಹಟಕ್ಕೆ ಅಕ್ಕನ ಸುಖ ಕಳೆಯಬೇಡಿ ಎಂದೂ ಅಂದೆ. ಅದು ತಪ್ಪು ಮಾತು. ಭಾವನ ಮುಖ ಬಿಳಿಚಿಕೊಂಡಿತು. ಅವರು ಟೇಪು ಬಿಚ್ಚಿ, ಪೆನ್ಸಿಲ್ ಗೆರೆಯನ್ನು ನನ್ನ ಮುಂದೆ ಹಿಡಿದರು.

"ಮೇಷ್ಟ್ರೇ, ಮುಂದಿನ ಕೋಣೆಗಳಿಗೆ ಗಾಳಿ ಹೊಡೆಯುತ್ತೆ ಅಂತ ತಗಡೇ ಹಾಕಿರ್ತಾರೆ. ನಿಮ್ಮಕ್ಕ ಇಷ್ಟೆತ್ತರದಿಂದ ನೋಡ್ತಾಳೆ. ಸೋಫಾ ನೋಡೋಕೆ ಅವಳು ಸಮುದ್ರಕ್ಕೆ ಯಾಕೆ ಹೋಗ್ಬೇಕು?"

ಹೆಚ್ಚು ಮಾತಾಡದ ಮನುಷ್ಯ ಅಷ್ಟು ಮಾತಾಡಿದ್ದೇ ನನಗೆ ಸಿಟ್ಟು ತಂದಿತು. ಹಾಗಾದರೆ ನಿಮ್ಮ ಬಡ್ತಿ ನನಗಿರಲಿ ಎಂದೆ. ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎನ್ನುವ ಜಾತಿಯವನು ನಾನು. ಎರಡೂ ಕೋಣೆ ಒಂದೇ ಬುಕಿಂಗಿನಲ್ಲಿದ್ದದ್ದರಿಂದ ಕೌಂಟರಿನವರು ಒಪ್ಪಿದರು. ಫೋನ್ ಇಡುವ ಮೊದಲು, ಸರ್ ನೀವು ಖಂಡಿತವಾಗಿ ಹೇಳ್ತಿದ್ದೀರಾ ಎಂದು ಎರಡು ಸಲ ಕೇಳಿದರು. ಅದೇಕೆ ಎರಡು ಸಲ ಕೇಳಿದರು ಎಂದು ನನಗೆ ಆಮೇಲೆ ಗೊತ್ತಾಯಿತು.

ಹಡಗು ಹತ್ತಿದ ದಿನ ಲಿಫ್ಟಿನಿಂದ ಅಕ್ಕನ ಕೋಣೆಗೆ ನಾನೂ ಜೊತೆಗೆ ನಡೆದೆ. ಬಾಯಲ್ಲಿ ಏನೂ ಆಡದಿದ್ದರೂ ಮನಸ್ಸಿನಲ್ಲಿ ಎಣಿಸುತ್ತಿದ್ದೆ, ಅರವತ್ತು ದಾಟಲಿ ಎಂದು ಆಸೆಪಡುವಷ್ಟು ಸಣ್ಣವನಾಗಿದ್ದೆ. ಬಿಳಿ ಚೌಕದ ಜಾಗದಲ್ಲಿ ಒಂದು ಬಾಗಿಲು ತೆರೆದಿತ್ತು. ಒಳಗೆ ಟ್ರಾಲಿಗಳು, ಬಕೆಟ್‌ಗಳು, ತಟ್ಟೆಗಳ ಗಲಾಟೆ. ಭಾವ ನನ್ನ ಕಡೆ ನೋಡಲಿಲ್ಲ, ನೋಡಿದ್ದರೆ ಚೆನ್ನಾಗಿತ್ತು. ಅಕ್ಕನ ಐವತ್ತೊಂದನೇ ಹೆಜ್ಜೆಗೆ ಬಾಗಿಲು ಬಂತು.

ಬಾಲ್ಕನಿಯಲ್ಲಿ ಕುರ್ಚಿ ಹಾಕಿ ಅಕ್ಕನನ್ನು ಕೂರಿಸಿದರು. ಗಾಜು ನೆಲದವರೆಗೂ ಇತ್ತು, ಒರೆಸಿ ಫಳಫಳ ಮಾಡಿದ್ದರು. ಆದರೆ ಗಾಜಿನ ಆಚೆ ಇದ್ದದ್ದು ಗೋಡೆ. ಹಡಗನ್ನು ಎಡಮಗ್ಗುಲು ಧಕ್ಕೆಗೆ, ಅಂದರೆ ಬಂದರಿನ ಕಟ್ಟೆಗೆ, ತಾಗಿಸಿ ಕಟ್ಟಿದ್ದರು, ಧಕ್ಕೆಯ ಮೇಲೆ ಹಡಗಿನ ಸಮಕ್ಕೆ ಎದ್ದುನಿಂತ ಸಾಮಾನಿನ ಗೋದಾಮು, ಕಿಟಕಿಯೇ ಇಲ್ಲದ ಬೂದು ಗೋಡೆ. ಇದೊಂದು ಭಾವನ ಲೆಕ್ಕದಲ್ಲಿ ಇರಲಿಲ್ಲ. ಅವರು ಇಂಗು ತಿಂದ ಮಂಗನ ಹಾಗೆ ನಿಂತರು. ನನಗೆ ನಗು ಬಂತು, ಅಕ್ಕನ ಮುಖ ನೋಡಿ ನಗು ನುಂಗಿಕೊಂಡೆ. ಅವಳು ಕೋಲನ್ನು ಮಡಿಲಲ್ಲಿಟ್ಟುಕೊಂಡು ಆ ಗೋಡೆಯನ್ನೇ ನೋಡುತ್ತಿದ್ದಳು. ಗೋಡೆ ನೋಡುವ ಅಭ್ಯಾಸ ಅವಳಿಗೆ ಚೆನ್ನಾಗಿತ್ತು. ಬೇಕಾದರೆ ಮೇಲಿನ ಅಂತಸ್ತಿಗೆ ಹೋಗೋಣ, ಅಲ್ಲಿ ನಿಂತರೆ ಆಚೆ ಮಗ್ಗುಲು ಕಾಣುತ್ತದೆ ಎಂದು ನನ್ನ ಹೆಂಡತಿ ಕರೆದಳು. ಅಕ್ಕ ಬೇಡವೆಂದಳು.

ಒಂದು ಗಂಟೆಯ ಮೇಲೆ ಹಡಗು ಕೂಗಿತು. ನೆಲ ಸಣ್ಣಗೆ ನಡುಗಿತು. ಗೋಡೆ ಒಂದು ಅಡಿ ಹಿಂದೆ ಸರಿಯಿತು, ಆಮೇಲೆ ಒಂದು ಮಾರು. ನಡುವೆ ನೀರು ಕಂಡಿತು. ಗೋಡೆ ಪಕ್ಕಕ್ಕೆ ಜಾರತೊಡಗಿ, ಅದರ ಮೂಲೆ ಬಂತು, ಮೂಲೆಯ ಆಚೆ ಕ್ರೇನುಗಳು, ಅದರಾಚೆ ಬೆಳಕು. ಅಕ್ಕ ಕೂತಲ್ಲೇ ಮುಂದೆ ಬಾಗಿದಳು. ಗಾಜಿನ ಕೆಳಭಾಗದಲ್ಲಿ, ಅವಳ ಪಾದದ ಹತ್ತಿರವೇ ನೊರೆ ಓಡುತ್ತಿತ್ತು. ಭಾವ ಬಾಗಿಲಲ್ಲಿ ನಿಂತು ಮತ್ತೆ ಮತ್ತೆ ಕಾಣುತ್ತಿದೆಯಾ ಎಂದು ಕೇಳುತ್ತಿದ್ದರು, ಅಕ್ಕ ಕೈ ಎತ್ತಿ ಸುಮ್ಮನಿರಿ ಎಂದು ಸನ್ನೆ ಮಾಡಿದಳು.

ಇನ್ನು ನನ್ನ ಭಾಗ್ಯ ಕೇಳಿ. ಸೋಫಾ ಇತ್ತು, ಹಣ್ಣಿನ ಬುಟ್ಟಿಯೂ ಇತ್ತು. ಬಾಲ್ಕನಿಗೆ ಎದೆಮಟ್ಟದ ಬಿಳಿ ತಗಡು, ಕೂತರೆ ಆಕಾಶ ಮಾತ್ರ. ಸಂಜೆ ಹೊತ್ತಿಗೆ ಹಡಗಿನ ಮೂತಿ ಏಳುತ್ತಾ ಬೀಳುತ್ತಾ ಇತ್ತು, ನನ್ನ ಹೆಂಡತಿ ಮಂಚ ಹಿಡಿದುಕೊಂಡವಳು ಬುಟ್ಟಿಯ ಹಣ್ಣಿನ ವಾಸನೆಯೂ ಬೇಡವೆಂದಳು. ಬೆಳಗ್ಗೆ ಐದೂವರೆಗೆ ತಲೆಯ ಮೇಲೆ ಈಜುಕೊಳದ ಕುರ್ಚಿಗಳನ್ನು ಎಳೆದೆಳೆದು ಜೋಡಿಸಲು ಶುರುಮಾಡಿದರು. ನಾನು ಎಣಿಸಿದೆ, ಬೇರೆ ಕೆಲಸವಿರಲಿಲ್ಲ. ನೂರ ಹದಿನಾಲ್ಕು ಕುರ್ಚಿ. ಮಾಡಿದ್ದುಣ್ಣೋ ಮಹಾರಾಯ ಎಂದು ಗೋಡೆಗೆ ಹೇಳಿ ಎದ್ದೆ. ತಿಂಡಿಗೆ ಹೋದರೆ ಅಕ್ಕ, ಊಟದ ಹಾಲ್ ದೂರವೆಂದು ಹಡಗಿನವರು ಕೊಟ್ಟ ಗಾಲಿಕುರ್ಚಿಯಲ್ಲಿ ಕೂತು ಎರಡನೇ ತಟ್ಟೆ ಮುಗಿಸುತ್ತಿದ್ದಳು. ತಲೆಸುತ್ತು ಹೇಗಿದೆ ಎಂದೆ. ಯಾವ ತಲೆಸುತ್ತು ಎಂದು ನನ್ನನ್ನೇ ಕೇಳಿದಳು.

ಎರಡು ದಿನ ದಡ ನೋಡಿದಳು. ಊರುಗಳು, ದೀಪಸ್ತಂಭ, ಬೆಟ್ಟದ ಮೇಲೆ ಇರುವೆ ಸಾಲಿನಂತೆ ಹೋಗುವ ರೈಲು. ಭಾವ ಪಕ್ಕದಲ್ಲಿ ಕೂತು ಗೆದ್ದ ಗತ್ತಿನಲ್ಲಿ ಕಾಲು ಚಾಚಿದ್ದರು. ಮೂರನೇ ದಿನ ಹಡಗು ಒಂದು ಬಂದರು ಮುಟ್ಟಿ, ಸಂಜೆ ವಾಪಸ್ ತಿರುಗಿತು. ಆಗ ನನಗೆ ನನ್ನ ಹೊತ್ತು ಬಂತು. ಮೂರು ದಿನದಿಂದ ಬಾಯಿಕಟ್ಟಿದ್ದ ಮೇಷ್ಟ್ರು ಓಡಿಕೊಂಡು ಎಂಟನೇ ಅಂತಸ್ತಿಗೆ ಇಳಿದು, ಭಾವ, ಹಡಗು ತಿರುಗಿದೆ, ಇನ್ನು ದಡ ಆಚೆ ಮಗ್ಗುಲಿಗೆ, ನಿಮ್ಮ ಕಡೆ ಬರೀ ನೀರು, ಎರಡು ದಿನ ಏನೂ ಇಲ್ಲ ಎಂದು ಹೇಳಿದೆ. ಹೇಳುವಾಗ ಸಂತೋಷವಾಯಿತು, ಸುಳ್ಳೇಕೆ ಹೇಳಲಿ.

ಭಾವ ಎದ್ದು ನಿಂತರು. ಅವರು ನಲವತ್ತೊಂದು ವರ್ಷದಲ್ಲಿ ನೋಡಿದ ಸಾವಿರ ಮನೆಗಳಲ್ಲಿ ಒಂದಾದರೂ ಮುಖ ತಿರುಗಿಸಿ ನಿಂತದ್ದಿಲ್ಲ. ಪೂರ್ವಕ್ಕೆ ಬಾಗಿಲಿಟ್ಟರೆ ಅದು ಸಾಯುವವರೆಗೂ ಪೂರ್ವಕ್ಕೇ. ಇಡೀ ಕಟ್ಟಡವೇ ತಿರುಗಿಬಿಡುತ್ತದೆ ಎಂಬುದು ಅವರ ಟ್ರೇಸಿಂಗ್ ಪೇಪರ್‌ಗೆ ಹೊಳೆದಿರಲಿಲ್ಲ. ಅಳತೆ ತಪ್ಪಿದ ಮೇಸ್ತ್ರಿಯ ಮುಖವನ್ನು ನಾನು ಅವತ್ತೇ ನೋಡಿದ್ದು. ನನ್ನ ಸಂತೋಷ ಅಲ್ಲೇ ಇಂಗಿಹೋಯಿತು. ಅವರು ಅಕ್ಕನ ಮುಂದೆ ಮಂಡಿಯೂರಿ, ತಪ್ಪಾಯಿತು, ಆಚೆ ಮಗ್ಗುಲಿನ ಕೋಣೆ ಯಾವುದಾದರೂ ಖಾಲಿ ಇದೆಯೇ ಎಂದು ಕೇಳಿಕೊಂಡು ಬರುತ್ತೇನೆ ಎಂದರು.

ಅಕ್ಕ ಗಾಜಿನ ಆಚೆ ನೋಡುತ್ತಲೇ ಇದ್ದಳು. ಅಲ್ಲಿ ನಿಜವಾಗಿಯೂ ಏನೂ ಇರಲಿಲ್ಲ. ನೀರು, ಅದರ ಕೊನೆಯಲ್ಲಿ ಒಂದು ಗೆರೆ.

"ಎಲ್ಲಿಗೂ ಹೋಗ್ಬೇಡಿ," ಎಂದಳು. "ಊರು ಬೆಟ್ಟ ಎಲ್ಲಾ ಚೆನ್ನಾಗಿತ್ತು. ಆದ್ರೆ ಎದುರಿಗೆ ಏನೂ ಇಲ್ಲದೆ ಇರೋದನ್ನ ನಾನು ಹುಟ್ಟಿದಾಗಿಂದ ನೋಡಿಲ್ಲ ರೀ. ಇದು ಬೇಕಾಗಿತ್ತು ನನಗೆ."

ಭಾವ ಮಂಡಿಯ ಮೇಲೆಯೇ ಉಳಿದರು. ನಾನು ಬಾಗಿಲು ಎಳೆದುಕೊಂಡು ಹೊರಗೆ ಬಂದೆ.

ಮರುದಿನ ಬೆಳಗ್ಗೆ ಕುರ್ಚಿಗಳ ಮೆರವಣಿಗೆ ಶುರುವಾದ ಕೂಡಲೇ ನಾನು ಕೆಳಗೆ ಹೋದೆ. ಭಾವ ಕಾಫಿ ತರಲು ಹೋಗಿದ್ದರು. ಅಕ್ಕ ಶಾಲು ಹೊದ್ದು ಬಾಲ್ಕನಿಯಲ್ಲಿ ಆಗಲೇ ಕೂತಾಗಿತ್ತು. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಸಮುದ್ರ ನೀಲಿ ಅಂತ ಮಕ್ಕಳಿಗೆ ಹೇಳಿಕೊಟ್ಟವನು ನೀನೇನಾ ಎಂದು ವಿಚಾರಿಸಿದಳು. ನೂಲಿನ ಬಣ್ಣ ಕಣ್ಣಳತೆಯಲ್ಲೇ ಹೊಂದಿಸಿ ಬದುಕಿದವಳು. ಬೆಳಗಾಗುವಾಗ ಕೋಟಿನ ಒಳಬಟ್ಟೆಯ ಬೂದು ಇತ್ತಂತೆ, ಆಮೇಲೆ ಬಾಟಲಿ ಹಸಿರು, ಈಗ ನೋಡು, ಒಗೆದು ಒಗೆದು ಮಾಸಿದ ಯೂನಿಫಾರ್ಮಿನ ಬಣ್ಣ, ಹತ್ತು ನಿಮಿಷ ತಡಿ, ಅದೂ ಹೋಗುತ್ತೆ ಎಂದಳು. ನಾನು ಕಾದೆ. ಹೋಯಿತು.

ಅಷ್ಟರಲ್ಲಿ ಹಡಗಿನ ಧ್ವನಿವರ್ಧಕ, ಎಡಗಡೆ ಡಾಲ್ಫಿನ್‌ಗಳಿವೆ ಎಂದು ಕೂಗಿತು. ಮೇಲೆ ನೂರಾರು ಕಾಲು ದಡದಡ ಓಡಿದ ಸದ್ದು. ಪಕ್ಕದ ಬಾಲ್ಕನಿಗಳಲ್ಲಿ ಬಾಗಿಲುಗಳು ತೆರೆದುಕೊಂಡವು. ನಾನು ಗಡಿಬಿಡಿಯಿಂದ ಎದ್ದೆ. ಎದ್ದವನೇ ಆರು ವರ್ಷದ ಅಭ್ಯಾಸಬಲದಿಂದ ಅಕ್ಕನ ಕಂಕುಳಿಗೆ 'ಬಾ' ಎಂದು ಕೈ ಹಾಕಿದೆ.

ಅಕ್ಕ ನನ್ನ ಕೈಯನ್ನು ಮೆತ್ತಗೆ ತೆಗೆದು ಪಕ್ಕಕ್ಕಿಟ್ಟಳು.

"ನೀನು ಅಡ್ಡ ನಿಂತಿದೀಯ. ಕೂತ್ಕೋ."

ನಾನು ಕೂತೆ. ಗಾಜಿನ ಆಚೆ, ನಮ್ಮ ಕಾಲಿನ ನೇರಕ್ಕೆ, ಅವು ಒಂದಾದ ಮೇಲೆ ಒಂದು ನೀರಿನಿಂದ ಬೆನ್ನೆತ್ತಿ ಮುಳುಗುತ್ತಿದ್ದವು. ಎಷ್ಟೋ ಹೊತ್ತು ನಮ್ಮ ಪಕ್ಕಪಕ್ಕದಲ್ಲೇ ಬಂದವು. ಎರಡು ಕೈಯಲ್ಲೂ ಕಾಫಿ ಹಿಡಿದು, ಅರ್ಧ ಅಂಗಿಯ ಮೇಲೆ ಚೆಲ್ಲಿಕೊಂಡು ಭಾವ ಏದುಸಿರು ಬಿಡುತ್ತಾ ಒಳಗೆ ನುಗ್ಗಿ, ಕಾಣಿಸ್ತಾ, ಕಾಣಿಸ್ತಾ ಎಂದು ಕೇಳಿದರು. ಅಕ್ಕ ಹಿಂದಕ್ಕೆ ತಿರುಗಿ ಗಂಡನನ್ನು ನೋಡಿದಳು. ಅಷ್ಟು ದೊಡ್ಡ ನಗು ಅವಳ ಮುಖದಲ್ಲಿ ನಾನು ಕಂಡಿರಲಿಲ್ಲ.

"ಅವ್ರು ಮೈಕಲ್ಲಿ ಕೂಗೋದಕ್ಕಿಂತ ಮುಂಚೇನೇ ನೋಡ್ದೆ ರೀ. ಏಳು ಇವೆ. ಅದ್ರಲ್ಲಿ ಒಂದು ಮರಿ."